ನೀಲಿ ಮುಚ್ಚಳದ ಡಬ್ಬಿ

ಎದುರುಮನೆಯ ಗೋಡೆಯ ಮೇಲೆ ಒಂದು ಫಲಕವಿದ್ದ ಕಾರಣಕ್ಕೆ ದೋನ್ ತೆಲೆಸ್ಫೋರೊ ಕೊಯೋತ್ಲ ಅವರು ಪ್ಲಾಸ್ಟಿಕ್ ಬಿಟ್ಟರು. ಭೂಮಿ ಬಿಸಿಯಾಗುತ್ತಿದೆ, ಸಮುದ್ರದ ಆಮೆಗಳಿಗೆ ಉಸಿರುಕಟ್ಟುತ್ತಿದೆ ಎಂಬುದೆಲ್ಲ ಅವರಿಗೆ ಆಮೇಲೆ ತಿಳಿದ ಸಂಗತಿ. ಮೊದಲಿಗೆ ಇದ್ದದ್ದು ನಿಕಾನೋರ್‌ನ ಫಲಕ ಒಂದೇ.

ಚೊಲೂಲಾ ಊರಿನ ಆ ಬೀದಿಯಲ್ಲಿ ಹೋಗಿ ಬರುವವರೆಲ್ಲ ನಿಕಾನೋರ್‌ನ ಮನೆ ಮುಂದೆ ಒಂದು ಕ್ಷಣ ನಿಂತು ಓದುತ್ತಿದ್ದರು. ನೀಲಿ ಬಿಳಿ ಬಣ್ಣದ ಟೈಲ್ಸಿನ ಮೇಲೆ ಬಳ್ಳಿ ಹೂವು ಬಿಡಿಸಿ, ‘ಕ್ರಾಂತಿಯ ಕಾಲದಲ್ಲಿ ಒಬ್ಬ ಜನರಲ್ ಈ ಮನೆಯ ಬಾಗಿಲಲ್ಲಿ ನಿಂತು ನೀರು ಕುಡಿದರು’ ಎಂದು ಬರೆದಿತ್ತು. ಯಾವ ಜನರಲ್ ಎಂದು ಬರೆದಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಆದರೆ ತೆಲೆಸ್ಫೋರೊ ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಒಂದು ಸಂಕಟದ ಕಥೆ ಹರಿದು ಬಂದಿತ್ತು. ಆ ಜನರಲ್ ಮೊದಲು ತಟ್ಟಿದ್ದು ಇವರ ಮನೆಯ ಬಾಗಿಲನ್ನೇ. ಅಜ್ಜಿ ತಲೆಗೆ ಸ್ನಾನ ಮಾಡುತ್ತಿದ್ದಳಂತೆ, ‘ನಾಳೆ ಬಾ’ ಎಂದು ಒಳಗಿನಿಂದಲೇ ಕೂಗಿದಳಂತೆ. ಒಂದು ಚೊಂಬು ನೀರಿಗೆ ವಂಶದ ಫಲಕ ರಸ್ತೆ ದಾಟಿ ಹೋಯಿತು.

ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಪತ್ರಗಳಿಗೆ ಮುದ್ರೆ ಒತ್ತಿ ನಿವೃತ್ತರಾದ ತೆಲೆಸ್ಫೋರೊ ಅವರಿಗೆ, ಮುದ್ರೆಯಿಲ್ಲದ ವಸ್ತುವಿನ ಮೇಲೂ ಮನುಷ್ಯನ ಮೇಲೂ ನಂಬಿಕೆ ಕಡಿಮೆ. ತಮಗೇ ಒಂದು ಮುದ್ರೆ ಬೀಳದೆ ಅರವತ್ತಮೂರು ವರ್ಷ ಕಳೆದುಹೋಯಿತಲ್ಲ ಎಂಬ ಕೊರಗು ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಹೀಗಿರುವಾಗ ಒಂದು ದಿನ ಪುರಸಭೆಯ ಗೋಡೆಯ ಮೇಲೆ ಹೊಸ ಪ್ರಕಟಣೆ ಕಂಡಿತು. ನಲವತ್ತು ದಿನ ಪ್ಲಾಸ್ಟಿಕ್ ಇಲ್ಲದೆ ಬದುಕಿ ತೋರಿಸಿದ ಮನೆಗೆ, ಬೀದಿಗೆ ಒಂದೇ ಒಂದರಂತೆ, ಗೋಡೆಗೆ ಟೈಲ್ಸಿನ ಫಲಕ ಹಾಕಿಸಿಕೊಡಲಾಗುವುದು!

ತೆಲೆಸ್ಫೋರೊ ಅವರು ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಅದನ್ನು ಮೂರು ಸಲ ಓದಿದರು.

ಒಳಗೆ ಕೂತಿದ್ದವಳು ಲಿಸೆನ್ಸಿಯಾದಾ ಮಿರೆಯಾ. ಕಾನೂನು ಓದಿದವಳಾದ್ದರಿಂದ ಊರೆಲ್ಲ ಅವಳನ್ನು ಹಾಗೇ ಕರೆಯುತ್ತಿತ್ತು. ಹೊಸ ಕೆಲಸ, ಹೊಸ ಕನ್ನಡಕ, ಹೆಸರು ಬರೆಸಲು ಬಂದ ಮೊದಲನೆಯ ಮನುಷ್ಯ ಇವರು.

“ಏಳನೇ ನಿಯಮ ಗಮನ ಇಟ್ಟು ಕೇಳಿ ದೋನ್ ತೆಲೆಸ್ಫೋರೊ,” ಎಂದಳು. “ನಲವತ್ತನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾನೇ ಬಂದು ಎಣಿಸ್ತೀನಿ. ಮನೆ ಒಳಗೆ, ಮತ್ತೆ ಹೊಸ್ತಿಲಿಂದ ರಸ್ತೆ ನಡುವಿನ ತನಕ, ಐದಕ್ಕಿಂತ ಒಂದು ಪ್ಲಾಸ್ಟಿಕ್ ವಸ್ತು ಹೆಚ್ಚಿದ್ರೂ ಫಲಕ ಇಲ್ಲ.”

“ಹಲ್ಲುಜ್ಜೋ ಬ್ರಷ್ಷು?”

“ಅದೂ ಲೆಕ್ಕಕ್ಕೆ.”

“ನಮ್ಮ ಬೀದೀಲಿ ಇನ್ಯಾರಾದ್ರೂ ಹೆಸರು ಕೊಟ್ಟಿದಾರಾ?”

“ಇಲ್ಲ. ಯಾರಿಗಾದ್ರೂ ಹೇಳಿ, ಅವರೂ ಸೇರಲಿ.”

“ಖಂಡಿತ ಹೇಳ್ತೀನಿ,” ಎಂದು ತೆಲೆಸ್ಫೋರೊ ಅವರು ಹೊರಗೆ ಬಂದು, ಆ ಪ್ರಕಟಣೆಯ ಮೇಲೆ ಪಕ್ಕದಲ್ಲಿದ್ದ ನಾಯಿ ಕಳೆದುಹೋದ ಪ್ರಕಟಣೆಯನ್ನು ಅಂಟಿಸಿ ಮನೆಗೆ ಹೋದರು. ಎರಡನೆಯ ಫಲಕವೂ ನಿಕಾನೋರ್‌ನ ಪಾಲಾಗಲು ಅವರೇನು ಅಜ್ಜಿಯಷ್ಟು ಅಜಾಗರೂಕರಲ್ಲ.

ಮನೆಯಲ್ಲಿ ಹೆಂಡತಿ ದೂಲಿಯಾಳಿಂದ ಮೊದಲು ಪ್ರಮಾಣ ಮಾಡಿಸಿಕೊಂಡರು. ಬೆಟ್ಟದ ಮೇಲಿನ ಚರ್ಚಿನ ಮಾತೆಯ ಆಣೆ, ಈ ಸ್ಪರ್ಧೆಯ ವಿಷಯ ನಲವತ್ತು ದಿನ ಯಾರಿಗೂ ಬಾಯಿ ಬಿಡಬಾರದು. ಆಣೆ ಎಂದರೆ ದೂಲಿಯಾ ಬೆಂಕಿ ಎಂಬಂತೆ ಹೆದರುವವಳು. ಬಾಯಿಗೆ ಬೀಗ ಹಾಕಿಕೊಂಡಳು. ಆಣೆ ಮಾಡಿದ್ದು ಯಾವುದಕ್ಕೆ ಎಂದು ಪೂರ್ತಿ ತಿಳಿದದ್ದು ಮರುದಿನ ಭಾನುವಾರ, ಚರ್ಚಿನಿಂದ ಬಂದಾಗ.

ದೂಲಿಯಾಳ ಅಡುಗೆಮನೆಯಲ್ಲಿ ನಲವತ್ತಮೂರು ಪ್ಲಾಸ್ಟಿಕ್ ಡಬ್ಬಿಗಳಿದ್ದವು. ಐಸ್‌ಕ್ರೀಂ ಡಬ್ಬಿ, ಕೆನೆ ಡಬ್ಬಿ, ಬೆಣ್ಣೆ ಡಬ್ಬಿ. ಒಂದರಲ್ಲೂ ಐಸ್‌ಕ್ರೀಂ ಇರುತ್ತಿರಲಿಲ್ಲ. ಮುಚ್ಚಳ ತೆಗೆದರೆ ಹುರುಳಿಕಾಯಿ ಬೀಜದ ಸಾರೋ, ಖಾರವೋ, ಗುಂಡಿ ಸೂಜಿಯೋ ಇರುತ್ತಿತ್ತು. ಮಕ್ಕಳಿಬ್ಬರೂ ಈ ಮೋಸದಲ್ಲೇ ಬೆಳೆದು ದೊಡ್ಡವರಾಗಿದ್ದರು. ಈಗ ನೋಡಿದರೆ ಅಡುಗೆಮನೆ ಬಣಬಣ. ಗಂಡ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು, ಹೋಗಿ ಬರುವವರಿಗೆಲ್ಲ ಡಬ್ಬಿ ಹಂಚಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾರೆ.

“ನೀಲಿ ಮುಚ್ಚಳದ್ದು ಎಲ್ಲಿ?” ಎಂದಳು ದೂಲಿಯಾ. ಅದು ಅವಳ ತಾಯಿ ಕೊನೆಯ ಸಲ ಬಂದಾಗ ಪಾಯಸ ತುಂಬಿಸಿಕೊಂಡು ತಂದಿದ್ದ ಡಬ್ಬಿ.

“ಎಲ್ಲಾ ಹೋಯ್ತು. ಒಂದೂ ಉಳಿದಿಲ್ಲ!” ಎಂದರು ಇವರು ಹೆಮ್ಮೆಯಿಂದ.

“ಯಾರಿಗೆ ಕೊಟ್ಟೆ?”

“ಎಲ್ಲರಿಗೂ ಕೊಟ್ಟೆ. ಯಾರ ಕೈಗೆ ಯಾವುದು ಹೋಯ್ತು ಅಂತ ಹೇಗೆ ಹೇಳ್ಲಿ?”

“ಮೂವತ್ತು ವರ್ಷದಿಂದ ನಾನು ಒಂದೇ ಒಂದು ಡಬ್ಬಿ ಬಿಸಾಡಿಲ್ಲ ಮುದುಕಾ. ತೊಳೆದು, ಒರೆಸಿ, ಮತ್ತೆ ತುಂಬಿಸಿದೀನಿ. ಈ ಮನೇಲಿ ಭೂಮಿ ಉಳಿಸ್ತಿದ್ದೋರು ಯಾರು, ಹಾಳು ಮಾಡಿದ್ದು ಯಾರು?” ಎಂದವಳು, ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮಾತಾಡಿದ್ದೂ ಇಷ್ಟೇ. “ಆ ಡಬ್ಬಿ ವಾಪಸ್ ಬರಬೇಕು.”

ಡಬ್ಬಿ ಹಂಚುವಾಗ ತೆಲೆಸ್ಫೋರೊ ಅವರು ಸುಮ್ಮನೆ ಹಂಚಿರಲಿಲ್ಲ. ಪುರಸಭೆಯ ಕರಪತ್ರದ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಒಬ್ಬೊಬ್ಬರಿಗೆ ಒಂದೊಂದು ಉದುರಿಸಿದ್ದರು. ಮೆಕ್ಕೆಜೋಳದ ತೋರ್ತಿಯಾ ರೊಟ್ಟಿ ಮಾರುವ ಚೋಲೆ ಎರಡು ಡಬ್ಬಿ ಎತ್ತಿಕೊಂಡು, “ಯಾಕೆ ದೋನ್ ತೆಲೆ, ಎಲ್ಲಾ ಕೊಡ್ತಿದೀರಿ?” ಎಂದು ಕೇಳಿದಾಗ ಅವರು ಆಕಾಶ ನೋಡಿ ಹೇಳಿದ್ದರು, “ಈ ಭೂಮಿಗೆ ನಾವು ನಾಲ್ಕು ದಿನದ ಅತಿಥಿಗಳು ಚೋಲೆ. ಹೋಗೋವಾಗ ನಮ್ಮ ಕಸ ಉಳಿದೋರ ಮೇಲೆ ಹೊರಿಸಬಾರದು.”

ಚೋಲೆ ಡಬ್ಬಿ ತೆಗೆದುಕೊಂಡು ಹೋದಳು. ಮಾತನ್ನೂ ತೆಗೆದುಕೊಂಡು ಹೋದಳು.

ಇಲ್ಲಿ ಚೋಲೆಯ ಬಗ್ಗೆ ಒಂದು ಮಾತು ಹೇಳಬೇಕು. ದೂಲಿಯಾಳ ಮಗಳಿಗೆ ಜ್ಞಾನಸ್ನಾನದ ತಾಯಿ ಅವಳೇ, ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಒಳ್ಳೆಯ ಮನಸ್ಸು, ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವಳು. ಬೀದಿಯ ಪ್ರತಿ ಮನೆಯವರೂ ದಿನಕ್ಕೊಮ್ಮೆ ಅವಳ ತಕ್ಕಡಿ ಮುಂದೆ ನಿಲ್ಲಲೇಬೇಕಾದ್ದರಿಂದ, ಯಾರ ಹಸಿವು ಎಷ್ಟು, ಯಾರ ಮನೆಗೆ ನೆಂಟರು ಬಂದರು ಎಂಬುದು ಅವಳಿಗೆ ಕಿಲೋ ಲೆಕ್ಕದಲ್ಲಿ ಗೊತ್ತು. ತೆಲೆಸ್ಫೋರೊ ಅವರು ವರ್ಷಗಟ್ಟಲೆ ಒಂದೂವರೆ ಕಿಲೋ ತೋರ್ತಿಯಾ ಒಯ್ದವರು. ಈಗ ಹಳೆಯ ಕಾಲದವರಂತೆ ಬಟ್ಟೆ ಹಿಡಿದು ಬಂದು, “ಅರ್ಧ ಕಿಲೋ ಸಾಕು,” ಎಂದರು.

“ಅರ್ಧ ಸಾಕಾ?”

“ಇವತ್ತಿಗೆ ಎಷ್ಟು ಬೇಕೋ ಅಷ್ಟೇ ತಗೋಬೇಕು. ನಾಳೇದನ್ನ ಕಂಡೋರ್ಯಾರು?” ಎಂದರು. ಇದು ಕರಪತ್ರದ ನಾಲ್ಕನೆಯ ಪುಟ.

ಚೋಲೆ ತಕ್ಕಡಿ ಕೆಳಗಿಟ್ಟಳು. “ಒಂದು ತಣ್ಣಗಿನ ಸೋಡಾನಾದ್ರೂ ಕುಡೀರಿ ದೋನ್ ತೆಲೆ,” ಎಂದು ಬಾಟಲಿ ಮುಂದೆ ಹಿಡಿದಳು.

“ಬೇಡ. ಬಿಟ್ಟುಬಿಟ್ಟೆ.”

ಚೊಲೂಲಾದಲ್ಲಿ ಗಂಡಸು ಸೋಡಾ ಬಿಡುವುದು ಎರಡೇ ಕಾರಣಕ್ಕೆ. ವೈದ್ಯರು ಕೈ ಬಿಟ್ಟಾಗ, ಇಲ್ಲವೇ ಪಾದ್ರಿ ಬಂದು ಕೊನೆಗಾಲದ ಎಣ್ಣೆ ಹಚ್ಚಿ ಹೋದ ಮೇಲೆ. ಬಾಟಲಿಯ ಪ್ಲಾಸ್ಟಿಕ್ ಮೇಲಿನ ಸಿಟ್ಟಿಗೆ ಒಬ್ಬ ಮನುಷ್ಯ ಸೋಡಾ ಬಿಡಬಹುದು ಎಂಬುದು ಆ ಬೀದಿಯ ಕಲ್ಪನೆಗೂ ನಿಲುಕದ ವಿಷಯ.

ಇಷ್ಟಕ್ಕೇ ನಿಂತಿದ್ದರೂ ಏನೋ ಆಗುತ್ತಿತ್ತು. ಆದರೆ ತೆಲೆಸ್ಫೋರೊ ಅವರಿಗೆ ಫಲಕದ ಚಿಂತೆ. ಪುರಸಭೆಯವರು ಹೆಸರಿನಲ್ಲಿ ಅಕ್ಷರ ನುಂಗಿದರೆ ಗತಿಯೇನು? ಅವರ ತಂದೆಯ ಪಿಂಚಣಿ ಚೀಟಿಯಲ್ಲಿ ಹೀಗೆ ಒಂದು ಅಕ್ಷರ ನುಂಗಿದ್ದರು, ತಂದೆ ಸಾಯುವ ತನಕ ಬೇರೆ ಯಾರದೋ ಪಿಂಚಣಿ ತಿಂದರು. ಪುರಸಭೆಯ ಫಲಕಗಳನ್ನು ಬರೆಯುವವನು ಟೈಲ್ಸಿನ ಗುಮಾರೊ. ಮನೆ ನಂಬರು, ಬೀದಿ ಹೆಸರು, ಗೋರಿಯ ಫಲಕ ಎಲ್ಲವೂ ಅವನ ಕೈಯದೇ. ಮೊದಲೇ ಹೋಗಿ ಮಾತಾಡಿಬಿಡೋಣ ಎಂದು ಹೊರಟರು. ಸ್ಪರ್ಧೆಯ ಸುದ್ದಿ ಮಾತ್ರ ಎತ್ತಬಾರದು, ಏಕೆಂದರೆ ಗುಮಾರೊ ನಿಕಾನೋರ್‌ನ ಷಡ್ಡಕ.

“ಒಂದು ಫಲಕ ಬೇಕು ಗುಮಾರೊ. ನನ್ನ ಹೆಸರು ಪೂರ್ತಿ ಇರಬೇಕು. ಮಳೆ ಬಿಸಿಲಿಗೆ ಅಳಿಸಬಾರದು.”

“ಮನೆ ನಂಬರಿಗಾ ದೋನ್ ತೆಲೆಸ್ಫೋರೊ?”

“ನಂಬರು ಬೇಡ. ಹೆಸರಿನ ಕೆಳಗೆ, ‘ಭೂಮಿಗೆ ಭಾರವಾಗದ ಅತಿಥಿ’ ಅಂತ ಇರ್ಲಿ. ಓದಿದೋರು ಒಂದು ನಿಮಿಷ ಟೋಪಿ ತೆಗೀಬೇಕು, ಹಾಗೆ.”

ಗುಮಾರೊನ ಕೈಯಲ್ಲಿದ್ದ ಕುಂಚ ಬಣ್ಣದ ಬಟ್ಟಲಿಗೆ ಜಾರಿತು. “ಯಾವಾಗ... ಯಾವಾಗಕ್ಕೆ ಬೇಕು?”

“ಹೊಸ ತಿಂಗಳು ಹನ್ನೆರಡನೇ ತಾರೀಕು. ನಲವತ್ತು ದಿನ ಅಂತ ಹೇಳಿದಾರೆ, ಅದರಲ್ಲಿ ಆರು ಆಗ್ಲೇ ಮುಗೀತು.”

“ಯಾರು ಹೇಳಿದ್ದು?”

“ಓದಿದೋರು. ಕನ್ನಡಕ ಹಾಕ್ಕೊಂಡು ಎಲ್ಲಾ ಬರೆದುಕೊಂಡ್ರು. ಕೊನೇ ದಿನ ಮನೆಗೇ ಬಂದು ನೋಡ್ತಾರಂತೆ.”

“ಇನ್ನೊಬ್ಬರ ಹತ್ರ ತೋರಿಸಬಹುದಿತ್ತು. ಪುಯೆಬ್ಲಾ ಪಟ್ಟಣಕ್ಕೆ ಹೋಗಿ...”

“ಯಾಕೆ? ನಾನು ಸಂತೋಷವಾಗೇ ಒಪ್ಪಿಕೊಂಡಿದೀನಿ. ಒಂದೇ ಒಂದು ಮಾತು ಗುಮಾರೊ. ಇದು ಯಾರ ಕಿವಿಗೂ ಬೀಳಬಾರದು.”

ಗುಮಾರೊ ಎದೆ ಮುಟ್ಟಿಕೊಂಡು ಮಾತು ಕೊಟ್ಟ, ತಕ್ಷಣ ಅಂಗಡಿ ಮುಚ್ಚಿ ತೋರ್ತಿಯಾ ಕೊಳ್ಳಲು ಹೋದ.

ಆ ಊರಿನಲ್ಲಿ ಒಂದು ಪದ್ಧತಿ ಇದೆ. ಸಾಯುವ ಮನುಷ್ಯನ ಎದುರು ಸಾವಿನ ಮಾತು ಎತ್ತುವುದಿಲ್ಲ. ಅವನ ಹೆಂಡತಿಯ ಎದುರೂ ಎತ್ತುವುದಿಲ್ಲ. ಮಾತಿನ ಬದಲು ಊಟ ಒಯ್ದು ಕೊಡುತ್ತಾರೆ. ಮೊದಲು ಬಂದವಳು ಚೋಲೆ. ಕುಂಬಳಬೀಜ ಅರೆದು ಮಾಡಿದ ಹಸಿರು ಪಿಪಿಯಾನ್ ಸಾರು, ಅದರಲ್ಲಿ ಕೋಳಿ.

“ಸುಮ್ನೆ, ಉಳಿದಿತ್ತು,” ಎಂದಳು ಕಣ್ಣು ಒರೆಸಿಕೊಂಡು.

ತೆಲೆಸ್ಫೋರೊ ಅವರು ಸಾರು ನೋಡಲಿಲ್ಲ, ಪಾತ್ರೆ ನೋಡಿದರು. ತಾವೇ ಹಂಚಿದ್ದ ಐಸ್‌ಕ್ರೀಂ ಡಬ್ಬಿ ತಾನೇ ನಡೆದು ಬಂದಂತೆ ಮನೆಗೆ ವಾಪಸಾಗಿತ್ತು. ಮರುದಿನ ಎರಡು ಬಂದವು, ಜೋಳದ ಹಿಟ್ಟಿನ ಕಡುಬು ತಮಾಲೆ ತುಂಬಿಕೊಂಡು. ಅದರ ಮರುದಿನ ಐದು. ಅನ್ನ, ಜೋಳದ ಕಾಳಿನ ಪೋಸೋಲೆ ಸಾರು, ಬೀನ್ಸು, ಕೆಂಪು ಜೆಲ್ಲಿ ತುಂಬಿದ ಹನ್ನೆರಡು ಪ್ಲಾಸ್ಟಿಕ್ ಲೋಟ. ಇಪ್ಪತ್ತನೆಯ ದಿನದ ಹೊತ್ತಿಗೆ ಕೊಟ್ಟ ನಲವತ್ತಮೂರಕ್ಕೆ ಐವತ್ತೆಂಟು ಬಂದಿದ್ದವು, ನೀಲಿ ಮುಚ್ಚಳದ್ದೊಂದು ಬಿಟ್ಟು.

“ಇದೇನು ಮಾಟ ದೂಲಿಯಾ? ನಾನು ಹೊರಗೆ ಹಾಕಿದಷ್ಟೂ ಒಳಗೆ ಬರ್ತಿದೆ!”

“ಜನಕ್ಕೆ ನನ್ನ ಕಷ್ಟ ಅರ್ಥ ಆಗಿದೆ,” ಎಂದಳು ದೂಲಿಯಾ. ಅವಳು ನಿಜಕ್ಕೂ ಹಾಗೇ ತಿಳಿದಿದ್ದಳು. ಹಿಂದಿನ ದಿನ ತಾನೇ ಚೋಲೆ ಅಂಗಡಿಯಲ್ಲಿ ಅವಳನ್ನು ಅಪ್ಪಿಕೊಂಡು ಅತ್ತಿದ್ದಳು.

“ಧೈರ್ಯ ತಗೋ ಕೊಮಾದ್ರೆ. ಎಷ್ಟು ವರ್ಷ ಆಗಿತ್ತು?”

“ಮೂವತ್ತರ ಮೇಲಾಯ್ತು ಕೊಮಾದ್ರೆ. ಅಡುಗೆಮನೆಗೆ ಕಾಲಿಟ್ರೆ ಬಿಕೋ ಅನ್ನುತ್ತೆ.”

“ಆಗಲೇ ಹಾಗನ್ಸುತ್ತಾ? ಪಾಪ! ಮುಂದೆ ಹೆಂಗೋ?”

“ಏನು ಮಾಡೋದು, ಈ ವಯಸ್ಸಲ್ಲಿ ಮತ್ತೆ ಹೊಸದಾಗಿ ಶುರು ಮಾಡೋಕೆ ನನ್ನ ಕೈಲಿ ಆಗಲ್ಲ.”

“ಹಾಗನ್ಬೇಡ. ನೀನಿನ್ನೂ ಗಟ್ಟಿಮುಟ್ಟಾಗಿದೀಯ,” ಎಂದಿದ್ದಳು ಚೋಲೆ, ತುಸು ನಾಚಿಕೊಂಡು.

ಈ ನಡುವೆ ದೂಲಿಯಾಳ ತಮ್ಮ ಫೆರ್ಮಿನ್ ಬಂದ. ಐದು ವರ್ಷದಿಂದ ಅಕ್ಕನ ಮನೆಯ ಹೊಸ್ತಿಲು ತುಳಿಯದವನು ಬಂದು, ಭಾವನ ಕೈ ಹಿಡಿದುಕೊಂಡು ಕೂತ. ಕಣ್ಣು ಮಾತ್ರ ಅಂಗಳದಲ್ಲಿದ್ದ ಸೈಕಲ್ಲಿನ ಮೇಲೆ.

“ಭಾವ, ಮನಸ್ಸಲ್ಲಿ ಏನಾದ್ರೂ ಇದ್ರೆ ಈಗ್ಲೇ ಹೇಳಿಬಿಡಿ. ಆ ಸೈಕಲ್ ಬಗ್ಗೆ ಏನು ಯೋಚಿಸಿದೀರಿ?”

ತೆಲೆಸ್ಫೋರೊ ಅವರ ಕಣ್ಣು ತುಂಬಿ ಬಂತು. ಹೊಗೆಯುಗುಳುವ ಹಳೇ ಲಾರಿ ಓಡಿಸುವ ಫೆರ್ಮಿನ್‌ಗೂ ಭೂಮಿಯ ಚಿಂತೆ ಹತ್ತಿತೇ! “ತಗೊಂಡು ಹೋಗಪ್ಪ. ನಿನ್ನಂಥೋನ ಮನಸ್ಸೂ ಬದಲಾಯ್ತು ಅಂದ್ರೆ ನನಗೆ ಅಷ್ಟೇ ಸಾಕು.”

“ಬದಲಾಗಿದೀನಿ ಭಾವ. ಆ ಕರೀ ಟೋಪಿ?”

“ಟೋಪಿ ಯಾಕೆ?”

“ನೆನಪಿಗೆ.”

ಟೋಪಿಯೂ ಹೋಯಿತು. ಏಣಿಯೂ ಹೋಯಿತು.

ಆದರೆ ಡಬ್ಬಿಗಳು ಹೋಗಲಿಲ್ಲ. ಮೂವತ್ತೈದನೆಯ ದಿನ ತೊಂಬತ್ತಾರು ಇದ್ದವು. ಎಲ್ಲವನ್ನೂ ತೊಳೆದು ವಾಪಸು ಕೊಟ್ಟುಬಿಡೋಣ ಎಂದು ತೆಲೆಸ್ಫೋರೊ ಅವರು ಗೋಣಿಚೀಲಕ್ಕೆ ತುಂಬಲು ಹೊರಟಾಗ ದೂಲಿಯಾ ಬಾಗಿಲಿಗೆ ಅಡ್ಡ ನಿಂತಳು.

“ಖಾಲಿ ಡಬ್ಬಿ ವಾಪಸ್ ಕೊಡ್ತೀಯಾ? ನಿಮ್ಮಮ್ಮ ನಿನ್ನ ಹಾಗೆ ಬೆಳೆಸಿದ್ಲಾ? ಬೀದೀಲಿ ನಾನು ಮುಖ ಎತ್ಕೊಂಡು ಓಡಾಡೋದು ಬೇಡ್ವಾ?”

ಆಕೆಯ ಮಾತೂ ಸರಿಯೇ. ತುಂಬಿ ಬಂದ ಡಬ್ಬಿ ತುಂಬಿಯೇ ಹೋಗಬೇಕು, ಇಲ್ಲದಿದ್ದರೆ ಏಳು ಮನೆಯ ಹೆಂಗಸರು ಏಳು ತಲೆಮಾರು ಆಡಿಕೊಳ್ಳುತ್ತಾರೆ. ಆದರೆ ತೊಂಬತ್ತಾರು ಡಬ್ಬಿಗೆ ಅಡುಗೆ ಮಾಡುವವರು ಯಾರು? ಅಂಚೆ ಕಚೇರಿಯ ಮೂವತ್ತೊಂದು ವರ್ಷದ ಅನುಭವ ಆಗ ಕೆಲಸಕ್ಕೆ ಬಂತು. ಬಂದದ್ದನ್ನು ವಿಂಗಡಿಸಿ ಬೇರೆ ವಿಳಾಸಕ್ಕೆ ಕಳಿಸಿದರಾಯಿತು! ದೂಲಿಯಾ ಜಪಕ್ಕೆ ಹೋದ ಹೊತ್ತು ನೋಡಿಕೊಂಡು ಒಬ್ಬರ ಅನ್ನವನ್ನು ಇನ್ನೊಬ್ಬರ ಡಬ್ಬಿಗೆ, ಆ ಮನೆಯ ಬೀನ್ಸನ್ನು ಈ ಮನೆಯ ಡಬ್ಬಿಗೆ ಸುರಿದರು. ಮೂವತ್ತೊಂಬತ್ತನೆಯ ದಿನ ಬೆಳಗಿನಿಂದ ಸಂಜೆಯ ತನಕ ಮನೆಮನೆಗೆ ಹೊತ್ತು ಕೊಟ್ಟರು. ವಿಂಗಡಣೆ ಎಂದ ಮೇಲೆ ಒಂದೆರಡು ತಪ್ಪು ವಿಳಾಸಕ್ಕೆ ಹೋಗುವುದು ಇದ್ದದ್ದೇ.

ಚೋಲೆ ಮುಚ್ಚಳ ತೆಗೆದು ಬೆರಳಲ್ಲಿ ಅದ್ದಿ ನಾಲಗೆಗೆ ಇಟ್ಟುಕೊಂಡಳು. ಹುಬ್ಬು ಮೇಲೇರಿತು. “ದೋನ್ ತೆಲೆ, ಇದು ನಾನೇ ಮಾಡಿದ ಪಿಪಿಯಾನ್.”

“ಹೌದಾ?” ಬೆವರು ಒರೆಸಿಕೊಂಡರು. “ನೀನು ಕೊಟ್ಟಿದ್ದು ನಿನಗೇ ಸೇರಲಿ ಅಂತ. ಯಾರದೂ ನನ್ನ ಹತ್ರ ಉಳೀಬಾರದು ಚೋಲೆ. ನಾಳೆ ಹನ್ನೊಂದು ಗಂಟೆ ಒಳಗೆ ಎಲ್ಲಾ ತೀರಿಸಿಬಿಡ್ಬೇಕು.”

ಚೋಲೆ ಡಬ್ಬಿಯನ್ನು ಎದೆಗೊತ್ತಿಕೊಂಡು ಅಲ್ಲೇ ಕುಸಿದಳು. “ಗಂಟೆ ಕೂಡ ಗೊತ್ತಾಗಿದೆಯಲ್ಲೋ ದೇವರೇ!”

ನಲವತ್ತನೆಯ ದಿನ ಬೆಳಿಗ್ಗೆ ತೆಲೆಸ್ಫೋರೊ ಅವರು ಮದುವೆಯ ಕರಿ ಸೂಟು ಹಾಕಿಕೊಂಡು ಅಡುಗೆಮನೆಯ ನಡುವೆ ನಿಂತು ಎಣಿಸಿದರು. ಎರಡು ಬ್ರಷ್ಷು, ಒಂದು ಬಾಚಣಿಗೆ, ರೇಡಿಯೊ, ದೂಲಿಯಾಳ ಕನ್ನಡಕದ ಡಬ್ಬಿ. ಐದು. ಐದಕ್ಕೆ ಐದು! ದೇವರ ಪಟಕ್ಕೆ ಕೈಮುಗಿದರು. ಅಜ್ಜಿಯ ತಪ್ಪು ಇವತ್ತು ತೊಳೆದುಹೋಗುತ್ತದೆ. ಹೊರಗೆ ಏನೋ ಗಡಗಡ ಸದ್ದಾಯಿತು, ಬಾಗಿಲು ತೆಗೆದರು.

ಬೀದಿಗೆ ಅಡ್ಡಲಾಗಿ, ಅವರ ಮನೆಯ ಹೊಸ್ತಿಲಿನಿಂದ ನಿಕಾನೋರ್‌ನ ಹೊಸ್ತಿಲಿನ ತನಕ, ಹಳದಿ ಪ್ಲಾಸ್ಟಿಕ್ ಟಾರ್ಪಾಲು ಕಟ್ಟಿತ್ತು. ಅದರ ಕೆಳಗೆ ಬಾಡಿಗೆಗೆ ತಂದ ಬಿಳೀ ಪ್ಲಾಸ್ಟಿಕ್ ಕುರ್ಚಿಗಳು ಸಾಲುಸಾಲಾಗಿ, ಎಂಬತ್ತು. ಕಾಫಿ ಹಂಡೆಯ ಪಕ್ಕ ಥರ್ಮಾಕೋಲ್ ಲೋಟಗಳ ಗೋಪುರ. ಪ್ಲಾಸ್ಟಿಕ್ ಹೂವಿನ ಎರಡು ದೊಡ್ಡ ಚಕ್ರಗಳು ಗೋಡೆಗೆ ಒರಗಿದ್ದವು. ಬೀದಿಯ ಹೆಂಗಸರೆಲ್ಲ ಕಪ್ಪು ಶಾಲು ಹೊದ್ದು, ತೊಡೆಯ ಮೇಲೆ ತುಂಬಿದ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಫೆರ್ಮಿನ್ ಕರಿ ಟೋಪಿ ಹಾಕಿಕೊಂಡು ಸೈಕಲ್ ಹಿಡಿದು ನಿಂತಿದ್ದ.

ತೆಲೆಸ್ಫೋರೊ ಅವರ ಎದೆ ಒಮ್ಮೆಲೇ ಎರಡು ಕಡೆಗೆ ಎಳೆಯಿತು. ಗುಟ್ಟು ಬಯಲಾಗಿ ಜನ ಸನ್ಮಾನಕ್ಕೆ ಸೇರಿದ್ದಾರೆ! ಆದರೆ ಈ ಕುರ್ಚಿಗಳು! ಹತ್ತೂಮುಕ್ಕಾಲು ಗಂಟೆ!

“ಬಂಧುಗಳೇ,” ಎಂದರು ಕೈ ಎತ್ತಿ, “ನಿಮ್ಮ ಪ್ರೀತಿ ದೊಡ್ಡದು. ಈ ದಿನಕ್ಕೋಸ್ಕರ ನಾನು ನಲವತ್ತು ದಿನ ಕಾದಿದೀನಿ.” ಹೆಂಗಸರು ಬಿಕ್ಕಿದರು. “ಈಗ ದಯವಿಟ್ಟು ಎಲ್ಲರೂ ಎದ್ದು, ಕುರ್ಚಿ ತಗೊಂಡು, ಆ ಕಡೆ ಮೂಲೆಗೆ ಹೋಗಿ. ನನ್ನನ್ನ ಒಬ್ಬನೇ ಬಿಡಿ. ಅವರು ಬರೋ ಹೊತ್ತಾಯ್ತು.”

“ಅವರು ಬರ್ತಿರೋದು ಕಾಣಿಸ್ತಿದೆಯಂತೆ!” ಎಂದು ಯಾರೋ ಚೀರಿದರು. ಒಬ್ಬರೂ ಏಳಲಿಲ್ಲ. ಇಬ್ಬರು ಮೂರ್ಛೆ ಹೋದದ್ದರಿಂದ ಇನ್ನೂ ನಾಲ್ಕು ಕುರ್ಚಿ ತರಿಸಬೇಕಾಯಿತು.

ಸರಿಯಾಗಿ ಹನ್ನೊಂದಕ್ಕೆ ಮಿರೆಯಾ ಬಂದಳು. ಟಾರ್ಪಾಲು ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಎಣಿಸಲು ಶುರು ಮಾಡಿ ಇನ್ನೂರು ದಾಟಿದ ಮೇಲೆ ಪೆನ್ನು ನಿಲ್ಲಿಸಿದಳು.

“ದೋನ್ ತೆಲೆಸ್ಫೋರೊ, ಇದೇನಿದು? ಜಿಲ್ಲೆಯ ಪ್ಲಾಸ್ಟಿಕ್ ಪೂರ್ತಿ ನಿಮ್ಮ ಬಾಗಿಲಿಗೇ ಬಂದಿದೆಯಲ್ಲ?”

ಅಷ್ಟರಲ್ಲಿ ಚೋಲೆ ಓಡಿ ಬಂದು ಮಿರೆಯಾಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಮಿರೆಯಾ ಕನ್ನಡಕ ತೆಗೆದು ಗಟ್ಟಿಯಾಗಿ ಅತ್ತೇಬಿಟ್ಟಳು.

“ಮೊದಲೇ ಯಾಕೆ ಹೇಳ್ಲಿಲ್ಲ ನೀವು? ಸಾಯ್ತಾ ಇರೋ ಮನುಷ್ಯ, ಕೊನೇ ನಲವತ್ತು ದಿನಾನೂ ಭೂಮಿಗೋಸ್ಕರ... ಇಂಥೋರಿಗೆ ಏಳನೇ ನಿಯಮ ಹಿಡ್ಕೊಂಡು ಬರ್ಲಾ ನಾನು? ಗೆದ್ದಿದೀರಿ! ಈಗ್ಲೇ ಬರೆದು ಸಹಿ ಹಾಕ್ತೀನಿ.”

ಸಾಯುತ್ತಿರುವವರು ಯಾರು ಎಂದು ತೆಲೆಸ್ಫೋರೊ ಅವರು ಹಿಂದಕ್ಕೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಕಪ್ಪು ಶಾಲು, ಸಾವಿನ ಮನೆಗೆ ತರುವ ಹೂವಿನ ಚಕ್ರ, ತಮ್ಮ ಟೋಪಿ ಫೆರ್ಮಿನ್‌ನ ತಲೆಯ ಮೇಲೆ, ಒಂದೊಂದಾಗಿ ಕಂಡವು. ಅಂಚೆಯವರಾದರೂ ತಮ್ಮ ಸಾವಿನ ಸುದ್ದಿ ತಮಗೇ ಇಷ್ಟು ತಡವಾಗಿ ತಲುಪಿತ್ತು. ಬಾಯಿ ತೆರೆದರು. “ಇಲ್ಲಮ್ಮ, ನಾನು ಗುಂಡುಕಲ್ಲಿನ ಹಾಗಿದೀನಿ,” ಎಂದು ಹೇಳಬೇಕಿತ್ತು, ಅಷ್ಟೇ. ಆದರೆ ಕಣ್ಣೆದುರಲ್ಲೇ ಪೆನ್ನು ಕಾಗದದ ಮೇಲೆ ಇಳಿಯುತ್ತಿತ್ತು. ಅದರಾಚೆ ಟಾರ್ಪಾಲಿನ ಸಂದಿಯಿಂದ ನಿಕಾನೋರ್‌ನ ಫಲಕ ಹೊಳೆಯುತ್ತಿತ್ತು.

ತೆಲೆಸ್ಫೋರೊ ಅವರು ಒಮ್ಮೆ ಕೆಮ್ಮಿದರು.

ಈ ಕೆಮ್ಮಿನ ವಿಷಯದಲ್ಲಿ ಬೀದಿಯಲ್ಲಿ ಇಂದಿಗೂ ಎರಡು ಪಕ್ಷಗಳಿವೆ. ಧೂಳಿಗೆ ಬಂತು ಎಂದು ಅವರು ಹೇಳುತ್ತಾರೆ. ಧೂಳಿಗೆ ಬಂದ ಕೆಮ್ಮಾದರೆ ಗೋಡೆ ಹಿಡಿದುಕೊಂಡದ್ದು ಯಾಕೆ, ‘ಬೇಗ ಸಹಿ ಹಾಕಮ್ಮ’ ಎಂದದ್ದು ಯಾಕೆ ಎಂದು ಉಳಿದವರು ಕೇಳುತ್ತಾರೆ.

“ಯಾರು ಸಾಯೋದು?” ಒಳಗಿನಿಂದ ಸೌಟು ಹಿಡಿದು ದೂಲಿಯಾ ಬಂದಳು. ನಲವತ್ತನೆಯ ದಿನದ ಹನ್ನೊಂದು ಗಂಟೆ ದಾಟಿತ್ತು, ಆಣೆಯೂ ಮುಗಿದಿತ್ತು. “ಇವನಾ? ಈಗ ತಾನೇ ಏಳು ತಮಾಲೆ ತಿಂದು ಎಂಟನೇದು ಕೇಳಿದ! ಗೋಡೆಗೆ ಒಂದು ಫಲಕ ಬೇಕು ಅಂತ ಪ್ಲಾಸ್ಟಿಕ್ ಬಿಟ್ಟಿದಾನೆ, ನನ್ನ ಡಬ್ಬಿಗಳನ್ನ ದಾನ ಮಾಡಿದಾನೆ! ಸಾಯೋ ರೋಗ ಅಲ್ಲ ಇವನಿಗೆ, ಎದುರುಮನೆ ರೋಗ!”

ಮಿರೆಯಾಳ ಪೆನ್ನು ಸಹಿಯ ಮೊದಲಕ್ಷರದಲ್ಲೇ ನಿಂತಿತು. ಆಮೇಲೆ ಎಂಬತ್ತನಾಲ್ಕು ಕುರ್ಚಿಗಳೂ ಒಟ್ಟಿಗೆ ಕಿರುಗುಟ್ಟಿದವು.

“ಹಾಗಾದ್ರೆ ಸಾಯಲ್ವಾ?” ಎಂದಳು ಚೋಲೆ. ದನಿಯಲ್ಲಿ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚಿತ್ತು. “ನಲವತ್ತು ದಿನ ನಮ್ಮ ಕೈಯಡುಗೆ ತಿಂದು, ಸಾಯಲ್ಲ ಅಂತೀರಾ? ನಾಚಿಕೆ ಆಗಲ್ವಾ ದೋನ್ ತೆಲೆ?”

“ನಾನು ಯಾವತ್ತು ಸಾಯ್ತೀನಿ ಅಂದೆ?”

“ಸೋಡಾ ಬಿಟ್ರಲ್ಲ!”

“ನನ್ನ ಸೈಕಲ್ ಕೊಡಪ್ಪ,” ಎಂದು ತೆಲೆಸ್ಫೋರೊ ಅವರು ಫೆರ್ಮಿನ್‌ನ ಕಡೆ ತಿರುಗಿದರು. ಅಲ್ಲಿ ಫೆರ್ಮಿನ್ ಇರಲಿಲ್ಲ. ಬೀದಿಯ ತುದಿಯಲ್ಲಿ ಕರಿ ಟೋಪಿಯೊಂದು ಪೆಡಲ್ ತುಳಿಯುತ್ತ ತಿರುವಿನಲ್ಲಿ ಮರೆಯಾಯಿತು. ಏನೇ ಹೇಳಿ, ಈ ಆಂದೋಲನದಿಂದ ನಿಜವಾಗಿ ಹೊಗೆಯುಗುಳುವುದನ್ನು ನಿಲ್ಲಿಸಿದವನು ಅವನೊಬ್ಬನೇ.

ಮಿರೆಯಾ ಕಣ್ಣು ಒರೆಸಿಕೊಂಡು, ಮೂಗು ಒರೆಸಿಕೊಂಡು, ಕಾಗದವನ್ನು ಎರಡು ತುಂಡು ಮಾಡಿದಳು. ಒಟ್ಟು ನಾನೂರ ಹನ್ನೆರಡು ಎಂದು ಬರೆದುಕೊಂಡಳು. ಅದು ಪುರಸಭೆಯ ದಾಖಲೆ, ಇಂದಿಗೂ ಯಾರೂ ಮುರಿದಿಲ್ಲ. ತೆಲೆಸ್ಫೋರೊ ಅವರು ತಮ್ಮ ಮನೆಯ ಬೋಳು ಗೋಡೆಯನ್ನೇ ನೋಡುತ್ತ ಖಾಲಿ ಕುರ್ಚಿಯೊಂದರ ಮೇಲೆ ಕುಸಿದರು. ಕುರ್ಚಿ ಪ್ಲಾಸ್ಟಿಕ್ಕಿನದು ಎಂಬುದೂ ಅವರಿಗೆ ನೆನಪಿರಲಿಲ್ಲ. ಆ ಮುಖ ನೋಡಿ, ಸಿಟ್ಟಾಗಿದ್ದ ಚೋಲೆಗೂ ಒಂದು ಲೋಟ ಕಾಫಿ ತಂದುಕೊಡಬೇಕೆನಿಸಿತು. ಥರ್ಮಾಕೋಲ್ ಲೋಟದಲ್ಲೇ ತಂದಳು, ಅವರು ಕುಡಿದರು.

ಆಗ ಗುಮಾರೊ ಹಿಂದಿನ ಸಾಲಿನಿಂದ ಎದ್ದು ಬಂದ. ಕಂಕುಳಲ್ಲಿ ದಪ್ಪನೆಯ ಪೊಟ್ಟಣ.

“ಸಾಯೋದು ಬಿಡೋದು ನಿಮ್ಮಿಷ್ಟ ದೋನ್ ತೆಲೆಸ್ಫೋರೊ. ಆದರೆ ನಾನು ಬರೆದು ಸುಟ್ಟಾಯ್ತು. ಒಲೆಯಿಂದ ಬಂದದ್ದನ್ನ ಅಳಿಸೋಕಾಗಲ್ಲ. ನನ್ನಂಗಡೀಲಿ ನಿಮ್ಮ ಹೆಸರು ಇಟ್ಕೊಂಡು ಏನು ಮಾಡ್ಲಿ?”

ಆರು ಸುತ್ತು ಗುಳ್ಳೆಪ್ಲಾಸ್ಟಿಕ್ ಬಿಚ್ಚಿದ. ದೂಲಿಯಾ ಅದನ್ನು ಒಡೆಯದಂತೆ ಮಡಚಿ ಏಪ್ರನ್ನಿನೊಳಗೆ ಸೇರಿಸಿಕೊಂಡಳು, ಯಾವುದಕ್ಕಾದರೂ ಬರುತ್ತದೆ. ಒಳಗಿದ್ದ ಫಲಕ ನಿಕಾನೋರ್‌ನದಕ್ಕಿಂತ ಒಂದು ಗೇಣು ದೊಡ್ಡದು. ಎರಡು ಪಾರಿವಾಳ, ಸುತ್ತಲೂ ನೀಲಿ ಬಳ್ಳಿ, ನಡುವೆ ‘ತೆಲೆಸ್ಫೋರೊ ಕೊಯೋತ್ಲ, ಭೂಮಿಗೆ ಭಾರವಾಗದ ಅತಿಥಿ’. ಒಂದಕ್ಷರವೂ ನುಂಗಿರಲಿಲ್ಲ. ಅದರ ಕೆಳಗೆ ಹುಟ್ಟಿದ ವರ್ಷ, ಒಂದು ಗೆರೆ, ಗೆರೆಯಾಚೆ ಖಾಲಿ.

“ಇಲ್ಲೇನು?” ಎಂದು ಖಾಲಿ ಜಾಗದ ಮೇಲೆ ಬೆರಳಿಟ್ಟರು.

“ಅದಾ? ಅವಸರ ಇಲ್ಲ. ಯಾವಾಗಾದ್ರೂ ಬಂದು ಬರೆದುಕೊಡ್ತೀನಿ.”

ತೆಲೆಸ್ಫೋರೊ ಅವರು ಫಲಕ ನೋಡಿದರು, ಗೋಡೆ ನೋಡಿದರು, ಎದುರುಮನೆ ನೋಡಿದರು. ಕಿಟಕಿಯಲ್ಲಿ ನಿಕಾನೋರ್‌ನ ಮುಖ ಹುಳಿ ತಿಂದಂತಾಗಿತ್ತು. ಅದೇ ಸಂಜೆ ಸಿಮೆಂಟು ಕಲಸಿದರು.

ಈಗ ಊರಿನ ಬೆಟ್ಟವನ್ನೂ ಅದರ ಮೇಲಿನ ಚರ್ಚನ್ನೂ ನೋಡಲು ಬರುವ ಪರ ಊರಿನವರು ಆ ಬೀದಿಯಲ್ಲಿ ನಿಕಾನೋರ್‌ನ ಕಡೆ ತಿರುಗುವುದೇ ಇಲ್ಲ. ಈ ಕಡೆಯ ದೊಡ್ಡ ಫಲಕದ ಮುಂದೆ ನಿಂತು ಟೋಪಿ ತೆಗೆಯುತ್ತಾರೆ. ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತಿರುವ ಹಿರಿಯರೊಬ್ಬರು ಅವರಿಗೆ ಎಲ್ಲ ವಿವರಿಸುತ್ತಾರೆ. ಮೊನ್ನೆ ಗಂಡ ಹೆಂಡತಿ ಇಬ್ಬರು ಬಂದಿದ್ದರು.

“ದೊಡ್ಡ ಮನುಷ್ಯ ಅಂತ ಕಾಣುತ್ತೆ,” ಎಂದ ಗಂಡ.

“ದೊಡ್ಡೋರು ಅಂದ್ರೆ! ಪ್ಲಾಸ್ಟಿಕ್ ಕೈಯಲ್ಲಿ ಮುಟ್ಟಲಿಲ್ಲ ಪುಣ್ಯಾತ್ಮ,” ಎಂದರು ತೆಲೆಸ್ಫೋರೊ ಅವರು. “ಅಂಥೋರು ಇನ್ನು ಹುಟ್ಟಲ್ಲ.”

ಹೆಂಗಸು ಶಿಲುಬೆಯ ಗುರುತು ಮಾಡಿಕೊಂಡಳು. “ವರ್ಷ ಯಾಕೆ ಬರೆದಿಲ್ಲ? ತೀರಿಕೊಂಡಿದ್ದು ಯಾವಾಗ?”

ತೆಲೆಸ್ಫೋರೊ ಅವರು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ದೂಲಿಯಾಳ ದನಿ ಬಂತು.

“ಇನ್ನೂ ಇಲ್ಲಮ್ಮ! ಇವತ್ತು ಸಂಜೆ ಒಳಗೆ ನನ್ನ ನೀಲಿ ಮುಚ್ಚಳದ ಡಬ್ಬಿ ಬರ್ಲಿಲ್ಲ ಅಂದ್ರೆ, ಬರೆಸ್ಬಹುದು!”